ಹುಣಸೆ ಬೀಜಕ್ಕೆ ಸುಣ್ಣ ಹಚ್ಚಿ ಹೇಳುವ ಪಾಠ

ಹೊಸನಗರದ ಕಡೆ ಮಳೆ ಹಿಡಿದರೆ ಕ್ಲಾಸಿನ ತುಂಬಾ ಕೆಮ್ಮು. ಹೋದ ಆಷಾಢದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಜಾಮಿಟ್ರಿ ಬಾಕ್ಸಿನಿಂದ ಅರ್ಧ ಖಾಲಿಯಾದ ಮಾತ್ರೆ ಸ್ಟ್ರಿಪ್ ತೆಗೆದಳು. "ಅಣ್ಣಂಗೆ ಕೊಟ್ಟಿದ್ದು ಟೀಚರ್, ಉಳಿದಿತ್ತು. ನಂಗೂ ನೆಗಡಿ ಅಲ್ವಾ?" ನೋಡಿದರೆ ಆಂಟಿಬಯಾಟಿಕ್, ಅಂದರೆ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವ ಮಾತ್ರೆ. ಅವತ್ತಿನಿಂದ, ಅದನ್ನು ಬೇಕಾಬಿಟ್ಟಿ ನುಂಗಿದರೆ ಏನಾಗುತ್ತದೆ ಅನ್ನುವ ಪಾಠವನ್ನು ಬೋರ್ಡ್ ಬಿಟ್ಟು ತಟ್ಟೆಯಲ್ಲಿ ಮಾಡುತ್ತಿದ್ದೇನೆ.

ತಟ್ಟೆಗೆ 21 ಹುಣಸೆ ಬೀಜ ಹಾಕಿ. ಇವು ಗಾಯದಲ್ಲಿ ಕೀವು ತರಿಸಿದ ಬ್ಯಾಕ್ಟೀರಿಯಾ. ಒಂದಕ್ಕೆ ಎಲೆಯಡಿಕೆ ತಟ್ಟೆಯ ಸುಣ್ಣ ಹಚ್ಚಿ. ಅದು ಮಾತ್ರೆಗೆ ಬಗ್ಗುವುದಿಲ್ಲ. ಮಾತ್ರೆಯ ಕೆಲಸ ಮಕ್ಕಳದ್ದು, ದಿನಕ್ಕೆ 8 ಕಪ್ಪು ಬೀಜ ತೆಗೆಯಲಿ. ಎರಡನೇ ದಿನಕ್ಕೆ 4 ಕಪ್ಪು, 1 ಬಿಳಿ. ಜ್ವರ ಬಿಟ್ಟಿತು ಅಂತ ಮಾತ್ರೆ ನಿಲ್ಲಿಸಿಬಿಡಿ. ಈಗ ಎರಡು ಸಲ ದುಪ್ಪಟ್ಟು ಮಾಡಿಸಿ: 16 ಕಪ್ಪು, 4 ಬಿಳಿ. ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೇ ಹೀಗೆ ದುಪ್ಪಟ್ಟಾಗುತ್ತವೆ. ಮತ್ತೆ ಮಾತ್ರೆ ಕೊಟ್ಟರೆ ತಟ್ಟೆಯಲ್ಲಿ ಬರೀ ಬಿಳಿ.

ಇಲ್ಲಿ ಅವಸರ ಮಾಡಬೇಡಿ. "ಮೈಗೆ ಮಾತ್ರೆ ರೂಢಿಯಾಯ್ತು" ಅಂತ ಒಂದು ಮಗುವಾದರೂ ಹೇಳುತ್ತದೆ. ದೊಡ್ಡವರೂ ಹಾಗೇ ತಿಳಿದಿರುತ್ತಾರೆ. ತಟ್ಟೆ ಬದಲಾಯಿತಾ, ಬೀಜ ಬದಲಾಯಿತಾ ಅಂತ ಕೇಳಿ. ತಟ್ಟೆಯೇ ನಮ್ಮ ಮೈ. ಅದು ಹಾಗೇ ಇದೆ. ಆಮೇಲೆ ಒಂದು ಬಿಳಿ ಬೀಜವನ್ನು ಪಕ್ಕದ ಬೆಂಚಿನ ತಟ್ಟೆಗೆ ಹಾಕಿ. ಒಂದೂ ಮಾತ್ರೆ ನುಂಗದವನಿಗೂ ಅದು ಹೋಯಿತು! ಸುಣ್ಣ ಹಸಿಯಿದ್ದರೆ ಪಕ್ಕದ ಕಪ್ಪು ಬೀಜಕ್ಕೂ ಮೆತ್ತಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳೂ ಬದುಕುವ ಉಪಾಯವನ್ನು ಒಂದಕ್ಕೊಂದು ದಾಟಿಸುತ್ತವೆ. (ಆಟ ಮುಗಿದ ಮೇಲೆ ಕೈ ತೊಳೆಸಿ, ಸುಣ್ಣ ಕಣ್ಣಿಗೆ ತಾಗಬಾರದು.)

ಇನ್ನೊಂದು ಆಟ ನೆಗಡಿಯದ್ದು. ಈ ಸಲ ಹುಣಸೆ ಬೀಜಗಳು ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ. ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿ, ಅದು ನೆಗಡಿಯ ವೈರಸ್. ಆಂಟಿಬಯಾಟಿಕ್‌ಗೆ ಅಕ್ಕಿ ಮುಟ್ಟುವ ಹಕ್ಕಿಲ್ಲ. ಮಕ್ಕಳು ಹುಣಸೆ ಬೀಜ ತೆಗೆಯುತ್ತಾ ಹೋಗುತ್ತಾರೆ, ಅಕ್ಕಿ ಒಂದು ಕಾಳೂ ಕದಲುವುದಿಲ್ಲ. ಆ ಹುಡುಗಿ ಇದನ್ನು ನೋಡಿ ಸುಮ್ನೆ ಕೂತುಬಿಟ್ಟಳು.

ಪೆನಿಸಿಲಿನ್ ಅನ್ನುವ ಆಂಟಿಬಯಾಟಿಕ್ ಕಂಡುಹಿಡಿದ ಫ್ಲೆಮಿಂಗ್, ಕಡಿಮೆ ಮಾತ್ರೆ ತಗೊಂಡರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುವ ಅಪಾಯವನ್ನು 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದರು. ದೊಡ್ಡ ಮಕ್ಕಳಿಗೆ ಇದನ್ನೂ ಹೇಳಿ.

ಮನೆಯವರನ್ನು ಮಾತ್ರ ದೂರಬೇಡಿ. ಪೇಟೆಯ ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ, ಉಳಿದ ಮಾತ್ರೆ ಎತ್ತಿಡುವುದು ಅದಕ್ಕೇ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಬೇಕು, ಅವರು ಹೇಳಿದಷ್ಟೇ ದಿನ ತಗೋಬೇಕು ಅಂತ ಮಕ್ಕಳಿಗೆ ತೋರಿಸಿ. ಆಮೇಲೆ ಬೀಜಗಳನ್ನು ಮನೆಗೆ ಕೊಟ್ಟು ಕಳಿಸಿ. ಸುಣ್ಣ ಹೇಗೂ ಅಜ್ಜಿಯ ಹತ್ತಿರ ಇರುತ್ತದೆ.