ನಿರಾಶ್ರಿತರು ಮತ್ತು ವಲಸೆ ಕುರಿತ ಅಂತರ್‌ಶಿಸ್ತೀಯ ಲೇಖನವನ್ನು ಜರ್ನಲ್‌ಗೆ ಸಿದ್ಧಪಡಿಸುವುದು ಹೇಗೆ

ಈ ಕ್ಷೇತ್ರದಲ್ಲಿ ಒಳ್ಳೆಯ ಮಾಹಿತಿ ಇರುವ ಲೇಖನಗಳೂ ತಿರಸ್ಕೃತವಾಗುತ್ತವೆ. ಬಹಳ ಸಲ ಕಾರಣ ಒಂದೇ: ಕಾನೂನು, ಮಾನವಶಾಸ್ತ್ರ, ಅರ್ಥಶಾಸ್ತ್ರ, ಸಾರ್ವಜನಿಕ ಆರೋಗ್ಯ ಎಲ್ಲವನ್ನೂ ಮುಟ್ಟಿ, ಯಾವುದನ್ನೂ ಗಟ್ಟಿಯಾಗಿ ಹಿಡಿಯದ ಎರಡು ದೋಣಿಯ ಪಯಣ. ಸಂಪಾದಕರು ಇಂಥ ಲೇಖನವನ್ನು ಸಾಮಾನ್ಯವಾಗಿ ಬೇರೆ ಬೇರೆ ಶಿಸ್ತಿನ ಇಬ್ಬರು ವಿಮರ್ಶಕರಿಗೆ ಕಳಿಸುತ್ತಾರೆ. ಕಾನೂನಿನವರು ತೀರ್ಪುಗಳ ವಿಶ್ಲೇಷಣೆ ತೆಳುವಾಗಿದೆ ಎನ್ನುತ್ತಾರೆ. ಸಮಾಜಶಾಸ್ತ್ರದವರು ಎಷ್ಟು ಸಂದರ್ಶನ, ಯಾರ ಜೊತೆ, ಯಾವ ಭಾಷೆಯಲ್ಲಿ ಎಂದು ಕೇಳುತ್ತಾರೆ. ಇಬ್ಬರ ಮಾತೂ ಸರಿಯೇ.

ಆದ್ದರಿಂದ ಬರೆಯಲು ಕೂರುವ ಮೊದಲು ಮೂರು ವಾಕ್ಯ ಬರೆದಿಟ್ಟುಕೊಳ್ಳಿ: ಪ್ರಶ್ನೆ ಯಾವ ಶಿಸ್ತಿನದು, ಪುರಾವೆ ಯಾವ ಶಿಸ್ತಿನದು, ಓದಿದ ಮೇಲೆ ಯಾರು ತಮ್ಮ ಅಭಿಪ್ರಾಯ ಬದಲಿಸಬೇಕು. ಒಂದು ಶಿಸ್ತು ಮುಖ್ಯ, ಉಳಿದವು ಪೂರಕ. ಎಲ್ಲವೂ ಸಮಾನ ಎಂದು ಹಟ ಹಿಡಿದರೆ 8,000 ಪದಗಳಲ್ಲಿ ಯಾವುದಕ್ಕೂ ಜಾಗ ಸಾಲುವುದಿಲ್ಲ.

ಜರ್ನಲ್ ಆಯ್ಕೆ

ಮೊದಲು ಲೇಖನ ಬರೆದು ಆಮೇಲೆ ಜರ್ನಲ್ ಹುಡುಕುವುದು ದುಬಾರಿ ಅಭ್ಯಾಸ. 1988ರಲ್ಲಿ ಶುರುವಾದ ಜರ್ನಲ್ ಆಫ್ ರೆಫ್ಯೂಜಿ ಸ್ಟಡೀಸ್ ಬಹುತೇಕ ಎಲ್ಲ ಸಮಾಜವಿಜ್ಞಾನಗಳಿಗೂ ತೆರೆದಿದೆ, ಆದರೆ ಸಿದ್ಧಾಂತದ ಚರ್ಚೆಯನ್ನು ನಿರೀಕ್ಷಿಸುತ್ತದೆ. ಇಂಟರ್‌ನ್ಯಾಷನಲ್ ಜರ್ನಲ್ ಆಫ್ ರೆಫ್ಯೂಜಿ ಲಾ (1989) ಹೆಸರೇ ಹೇಳುವಂತೆ ಕಾನೂನಿನದು. ಇಂಟರ್‌ನ್ಯಾಷನಲ್ ಮೈಗ್ರೇಷನ್ ರಿವ್ಯೂ (1964) ವಿಶಾಲ ವಲಸೆ ಅಧ್ಯಯನದ್ದು, ಅಂಕಿಅಂಶ ಆಧಾರಿತ ಲೇಖನಗಳಿಗೂ ಅಲ್ಲಿ ಒಳ್ಳೆಯ ಜಾಗವಿದೆ. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಿಂದ ಬರುವ ರೆಫ್ಯೂಜ್ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಪ್ರಕಟಿಸುತ್ತದೆ, ಯಾರಾದರೂ ಉಚಿತವಾಗಿ ಓದಬಹುದಾದ ಮುಕ್ತ ಪ್ರವೇಶದ್ದು. ಸಂಘರ್ಷ ಪ್ರದೇಶದ ಆರೋಗ್ಯ ಕುರಿತಾದರೆ ಕಾನ್‌ಫ್ಲಿಕ್ಟ್ ಅಂಡ್ ಹೆಲ್ತ್. ಆಕ್ಸ್‌ಫರ್ಡಿನ ಫೋರ್ಸ್ಡ್ ಮೈಗ್ರೇಷನ್ ರಿವ್ಯೂ ಇವುಗಳ ಸಾಲಿಗೆ ಸೇರುವುದಿಲ್ಲ. ಅದು ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೂ ನೀತಿ ರೂಪಿಸುವವರಿಗೂ ಚಿಕ್ಕ, ನೇರ ಬರಹಗಳನ್ನು ಒದಗಿಸುತ್ತದೆ. ಶಿಬಿರದ ಅಧಿಕಾರಿ ಓದಬೇಕಾದ ಶೋಧ ನಿಮ್ಮದಾದರೆ ಇದು ಉಳಿದವಕ್ಕಿಂತ ಉಪಯುಕ್ತ, ಬಡ್ತಿಗೆ ಅಂಕ ಬೇಕಿದ್ದರೆ ಹಾಗಲ್ಲ.

ಆಯ್ದ ಜರ್ನಲಿನ ಕಳೆದ ಎರಡು ವರ್ಷದ ಲೇಖನಗಳ ಸಾರಾಂಶ ಓದಿ. ನಿಮ್ಮ ಉಲ್ಲೇಖ ಪಟ್ಟಿಯಲ್ಲಿ ಆ ಜರ್ನಲಿನಲ್ಲಿ ನಡೆಯುತ್ತಿರುವ ಚರ್ಚೆಯ ಒಂದೂ ಲೇಖನವಿಲ್ಲದಿದ್ದರೆ ನೀವು ತಪ್ಪು ಬಾಗಿಲು ತಟ್ಟುತ್ತಿದ್ದೀರಿ. ಪರಿಚಯವಿಲ್ಲದ ಮುಕ್ತ ಪ್ರವೇಶದ ಜರ್ನಲಾದರೆ ಅಂಥ ಜರ್ನಲ್‌ಗಳನ್ನು ಪರಿಶೀಲಿಸಿ ಸೇರಿಸಿಕೊಳ್ಳುವ ಡಿಒಎಜೆ (DOAJ) ಪಟ್ಟಿಯಲ್ಲಿದೆಯೇ ನೋಡಿ. ಸಂಪಾದಕ ಮಂಡಳಿಯವರ ಸ್ವಂತ ವಿಶ್ವವಿದ್ಯಾಲಯದ ಪುಟದಲ್ಲಿ ಆ ಜರ್ನಲಿನ ಹೆಸರಿದೆಯೇ ಎಂದೂ ಪರಿಶೀಲಿಸಿ. ಒಂದು ವಾರದಲ್ಲಿ ವಿಮರ್ಶೆ ಮುಗಿಸುತ್ತೇವೆ ಎಂಬ ಭರವಸೆ ಕಂಡರೆ ದೂರವಿರಿ.

ಯಾರನ್ನು ಕುರಿತು ಬರೆಯುತ್ತಿದ್ದೀರಿ

ನಿರಾಶ್ರಿತರ ಸ್ಥಾನಮಾನ ಕುರಿತ ವಿಶ್ವಸಂಸ್ಥೆಯ 1951ರ ಒಪ್ಪಂದದ ಪ್ರಕಾರ ನಿರಾಶ್ರಿತರಾಗಬೇಕಾದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಇವುಗಳಲ್ಲೊಂದರ ಕಾರಣಕ್ಕೆ ಕಿರುಕುಳದ ಸಾಧಾರ ಭಯವಿದ್ದು, ಸ್ವದೇಶದ ಹೊರಗಿರಬೇಕು. 1951ಕ್ಕೂ ಮುಂಚಿನ ಘಟನೆಗಳಿಗೆ ಮಾತ್ರ ಎಂದು ಅದರಲ್ಲಿದ್ದ ಕಾಲದ ಮಿತಿಯನ್ನು 1967ರ ಪ್ರೋಟೊಕಾಲ್ ತೆಗೆಯಿತು. ಆಫ್ರಿಕಾದ 1969ರ ಒಪ್ಪಂದ, ಲ್ಯಾಟಿನ್ ಅಮೆರಿಕದ 1984ರ ಕಾರ್ಟಹೇನಾ ಘೋಷಣೆ ಇನ್ನೂ ವಿಶಾಲ ವ್ಯಾಖ್ಯೆ ಕೊಡುತ್ತವೆ. ದೇಶದೊಳಗೇ ಸ್ಥಳಾಂತರಗೊಂಡವರಿಗೆ ಅನ್ವಯವಾಗುವುದು ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳು, ಅವನ್ನು ಪಾಲಿಸುವುದು ತಾನಾಗಿಯೇ ಕಾನೂನಿನ ಕಡ್ಡಾಯವಲ್ಲ. ಆಶ್ರಯಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು, ಪೌರತ್ವವಿಲ್ಲದವರು ಮತ್ತೆ ಬೇರೆ. ಲೇಖನದ ಎರಡನೇ ಪುಟದೊಳಗೆ ನೀವು ಯಾವ ವ್ಯಾಖ್ಯೆ ಬಳಸುತ್ತಿದ್ದೀರಿ, ಯಾಕೆ ಎಂಬುದು ಬಂದಿರಬೇಕು. ಕಾನೂನಿನ ವರ್ಗವನ್ನು ಬಿಟ್ಟು ಜನರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನೇ ಬಳಸಿದರೂ ಆದೀತು, ಅದನ್ನು ಹೇಳಿ ಬಳಸಬೇಕು ಅಷ್ಟೆ. ಮೂರನೇ ಪುಟದಲ್ಲಿ ನಿರಾಶ್ರಿತರಾಗಿದ್ದವರು ಹತ್ತನೇ ಪುಟದಲ್ಲಿ ವಲಸಿಗರಾದರೆ ವಿಮರ್ಶಕರು ಅಲ್ಲೇ ಕೆಂಪು ಗೆರೆ ಎಳೆಯುತ್ತಾರೆ.

ಅಂಕಿಗಳಲ್ಲಿ ಆಗುವ ತಪ್ಪು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಹಲವು ಸಲ ವಿಮರ್ಶಕರ ಕಣ್ಣನ್ನೂ ತಪ್ಪಿಸಿ ಅಚ್ಚಾಗುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ನ ಆದೇಶದಡಿ ಬರುವವರ ಸಂಖ್ಯೆ ಬೇರೆ, ಪ್ಯಾಲೆಸ್ಟೀನಿ ನಿರಾಶ್ರಿತರನ್ನು ನೋಡಿಕೊಳ್ಳುವ ಯುಎನ್‌ಆರ್‌ಡಬ್ಲ್ಯುಎಯ ಸಂಖ್ಯೆ ಬೇರೆ. ಒಟ್ಟು ಹೇಳುವಾಗ ಎರಡನೆಯದು ಸೇರಿದೆಯೇ ಇಲ್ಲವೇ ತಿಳಿಸಲೇಬೇಕು. ಆಂತರಿಕ ಸ್ಥಳಾಂತರ ನಿಗಾ ಕೇಂದ್ರ ಐಡಿಎಂಸಿ ಎರಡು ಬಗೆಯ ಅಂಕಿ ಕೊಡುತ್ತದೆ: ವರ್ಷದ ಕೊನೆಗೆ ಸ್ಥಳಾಂತರಗೊಂಡೇ ಇರುವ ಜನರು, ಮತ್ತು ಆ ವರ್ಷ ನಡೆದ ಸ್ಥಳಾಂತರಗಳು. ಒಬ್ಬರೇ ಮೂರು ಸಲ ಓಡಬೇಕಾಗಿ ಬಂದರೆ ಎರಡನೆಯದರಲ್ಲಿ ಮೂರಾಗಿ ಸೇರುತ್ತಾರೆ. ಇವೆರಡನ್ನೂ ಕೂಡಿಸಿ ‘ಇಷ್ಟು ಜನ’ ಎಂದು ಬರೆಯುವವರು ಕಡಿಮೆಯಿಲ್ಲ. ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗದ ಅಂತರರಾಷ್ಟ್ರೀಯ ವಲಸಿಗರ ಅಂಕಿ ಹೆಚ್ಚಿನ ದೇಶಗಳಲ್ಲಿ ಜನ್ಮಸ್ಥಳವನ್ನು ಆಧರಿಸಿದೆ, ಆ ಮಾಹಿತಿ ಇಲ್ಲದ ಕಡೆ ಪೌರತ್ವವನ್ನು. ಪ್ರತಿ ಅಂಕಿಯ ಪಕ್ಕದಲ್ಲಿ ಮೂಲ, ಯಾವ ದಿನಾಂಕದ ಸ್ಥಿತಿ, ನೀವು ಇಳಿಸಿಕೊಂಡ ದಿನ ಮೂರನ್ನೂ ಇಡಿ. ಹಳೆಯ ವರ್ಷಗಳ ಅಂಕಿಗಳನ್ನೂ ಈ ಸಂಸ್ಥೆಗಳು ಆಮೇಲೆ ಪರಿಷ್ಕರಿಸುವುದುಂಟು.

ಹಾನಿ ಆಗದಂತೆ ಬರೆಯುವುದು

ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಅಗತ್ಯ, ಸಾಕಾಗುವುದಿಲ್ಲ. ಕ್ಷೇತ್ರಕಾರ್ಯ ನಡೆದ ದೇಶದಲ್ಲಿ ಅಂಥ ವ್ಯವಸ್ಥೆ ಇದ್ದರೆ ಅಲ್ಲಿನ ಒಪ್ಪಿಗೆಯೂ ಬೇಕು, ಇಲ್ಲದಿದ್ದರೆ ಯಾರೊಂದಿಗೆ ಚರ್ಚಿಸಿದಿರಿ ಎಂದು ಬರೆಯಬೇಕು. ಬಲವಂತದ ವಲಸೆ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಐಎಎಸ್‌ಎಫ್‌ಎಮ್ 2018ರಲ್ಲಿ ಒಂದು ನೀತಿ ಸಂಹಿತೆ ಹೊರತಂದಿದೆ. ಸಮಿತಿಯ ಫಾರಂ ತುಂಬುವಾಗ ಅದು ನೇರವಾಗಿ ಕೆಲಸಕ್ಕೆ ಬರುತ್ತದೆ.

ಸಹಿ ಮಾಡಿದ ಕಾಗದವೇ ಕೆಲವರಿಗೆ ಅಪಾಯ. ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸುವುದು, ಅದೂ ಬೇಡವಾದರೆ ಸಂಶೋಧಕರೇ ದಾಖಲಿಸುವುದು ಸ್ವೀಕೃತ ಕ್ರಮ. ಮಾತಾಡಲು, ಧ್ವನಿಮುದ್ರಣಕ್ಕೆ, ಮಾತನ್ನು ಯಥಾವತ್ತಾಗಿ ಉದ್ಧರಿಸಲು, ಡೇಟಾವನ್ನು ಬೇರೆ ಸಂಶೋಧಕರೂ ನೋಡಬಹುದಾದ ಭಂಡಾರದಲ್ಲಿಡಲು ನಾಲ್ಕು ಬೇರೆ ಬೇರೆ ಒಪ್ಪಿಗೆ ಪಡೆಯಿರಿ. ಕೊನೆಯದನ್ನು ಮರೆತವರು, ಜರ್ನಲ್ ಡೇಟಾ ಕೇಳಿದಾಗ ಸಿಕ್ಕಿಬೀಳುತ್ತಾರೆ. ಮತ್ತೆ ಹೋಗಿ ಕೇಳೋಣವೆಂದರೆ ಆ ಜನ ಆಗಲೇ ಬೇರೆ ಊರಿನಲ್ಲಿ, ಬೇರೆ ದೇಶದಲ್ಲಿ ಇರುತ್ತಾರೆ. ಮಾತಾಡದಿದ್ದರೂ ಪಡಿತರಕ್ಕಾಗಲಿ, ಆಶ್ರಯದ ಅರ್ಜಿಗಾಗಲಿ ತೊಂದರೆಯಿಲ್ಲ, ಮಾತಾಡಿದರೂ ಲಾಭವಿಲ್ಲ ಎಂಬುದನ್ನು ಮೊದಲೇ ಬಿಡಿಸಿ ಹೇಳಬೇಕು.

ಹೆಸರು ಬದಲಿಸಿದರೆ ಗುರುತು ಮರೆಯಾಯಿತು ಎಂದುಕೊಳ್ಳಬೇಡಿ. ಚಿಕ್ಕ ಶಿಬಿರ, ಅಲ್ಪಸಂಖ್ಯಾತ ಭಾಷೆ, ವಯಸ್ಸು, ಹಿಂದಿನ ಉದ್ಯೋಗ ಈ ನಾಲ್ಕು ಸೇರಿದರೆ ಅಲ್ಲಿರುವ ಯಾರಾದರೂ ವ್ಯಕ್ತಿಯನ್ನು ಬೆರಳು ಮಾಡಿ ತೋರಿಸಬಲ್ಲರು. ವಯಸ್ಸನ್ನು ‘ಮೂವತ್ತರ ಆಸುಪಾಸು’ ಮಾಡಿ, ದಿನಾಂಕದ ಬದಲು ಋತು ಅಥವಾ ವರ್ಷ ಕೊಡಿ, ಶಿಬಿರದ ವಿಭಾಗದ ಹೆಸರು ತೆಗೆಯಿರಿ. ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಜನರಿರುವ ಚೌಕವನ್ನು ಪಕ್ಕದ್ದರ ಜೊತೆ ಸೇರಿಸಿ. ಫೋಟೊ ಕಡತದೊಳಗಿನ ಜಿಪಿಎಸ್ ಮಾಹಿತಿ ಅಳಿಸಿ. ಈಗಲೂ ಬಳಕೆಯಲ್ಲಿರುವ ಗಡಿ ದಾಟುವ ದಾರಿಗಳ ವಿವರವನ್ನು ಪೂರ್ತಿ ಬಿಡುವುದೇ ಸರಿ, ಅದರಿಂದ ವಾದ ಬಡವಾಗುವುದು ತೀರಾ ಅಪರೂಪ.

ಇನ್ನೊಂದು ವಿಷಯವನ್ನು ಬಹಳ ಜನ ಯೋಚಿಸಿಯೇ ಇರುವುದಿಲ್ಲ. ಆಶ್ರಯದ ಅರ್ಜಿ ತೀರ್ಮಾನಿಸುವ ಅಧಿಕಾರಿಗಳು, ನ್ಯಾಯಮಂಡಳಿಗಳು, ವಕೀಲರು ಮೂಲದೇಶದ ಪರಿಸ್ಥಿತಿಯ ಪುರಾವೆಯಾಗಿ ಸಂಶೋಧನಾ ಬರಹವನ್ನೂ ಓದುತ್ತಾರೆ. ‘ಈ ಪ್ರದೇಶ ಈಗ ಸುರಕ್ಷಿತ’ ಎಂದು ಸಡಿಲವಾಗಿ ಬರೆದ ಒಂದು ವಾಕ್ಯ ಯಾರದೋ ಅರ್ಜಿಯ ವಿರುದ್ಧ ಬಳಕೆಯಾಗಬಹುದು. ಯಾರಿಗೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಅರ್ಥದಲ್ಲಿ ಸುರಕ್ಷಿತ ಎಂಬುದು ಆ ವಾಕ್ಯದಲ್ಲೇ ಇರಲಿ, ಅಡಿಟಿಪ್ಪಣಿಯಲ್ಲಲ್ಲ.

ಲೇಖಕರ ಪಟ್ಟಿ

ಸಮುದಾಯದೊಳಗಿನ ಸಂಶೋಧಕರು ಪ್ರಶ್ನಾವಳಿ ತಿದ್ದಿ, ಸಂದರ್ಶನ ಮಾಡಿ, ಅನುವಾದಿಸಿ, ಅರ್ಥ ವಿವರಿಸಿ, ಕೊನೆಗೆ ಕೃತಜ್ಞತೆಯ ಒಂದು ಸಾಲಿನಲ್ಲಿ ಮುಗಿದುಹೋಗುವುದು ಈ ಕ್ಷೇತ್ರದ ಹಳೆಯ ರೋಗ. ಆರೋಗ್ಯ ಜರ್ನಲ್‌ಗಳು ಅನುಸರಿಸುವ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ (ಐಸಿಎಮ್‌ಜೆಇ) ನಿಯಮದಲ್ಲಿ ಲೇಖಕರೆನಿಸಿಕೊಳ್ಳಲು ನಾಲ್ಕು ಷರತ್ತುಗಳಿವೆ: ಗಣನೀಯ ಕೊಡುಗೆ, ಕರಡು ಬರೆಯುವುದು ಇಲ್ಲವೇ ತಿದ್ದುವುದು, ಅಂತಿಮ ಪ್ರತಿಗೆ ಒಪ್ಪಿಗೆ, ಹೊಣೆಗಾರಿಕೆ. ಕರಡನ್ನು ಅವರಿಗೆ ಕಳಿಸದೆ, ಎರಡನೇ ಷರತ್ತು ಪೂರೈಸಿಲ್ಲ ಎಂದು ಕೈಬಿಡುವುದು ಮೋಸ. ಯಾರು ಏನು ಮಾಡಿದರು ಎಂದು ಹೇಳಲು ಲೇಖಕರ ಕೊಡುಗೆಗಳನ್ನು ವಿಂಗಡಿಸುವ ಕ್ರೆಡಿಟ್ (CRediT) ಪದ್ಧತಿಯ 14 ಪಾತ್ರಗಳನ್ನು ಬಳಸಿ, ಹೆಸರುಗಳ ಕ್ರಮವನ್ನು ಕರಡು ಬರೆಯುವ ಮೊದಲೇ ಲಿಖಿತವಾಗಿ ಒಪ್ಪಿಕೊಳ್ಳಿ. ಹೆಸರು ಅಚ್ಚಾದರೆ ಸಹಲೇಖಕರಿಗೇ ಅಪಾಯವಿದ್ದರೆ, ಬೇರೆ ಹೆಸರಿನಲ್ಲಿ ಪ್ರಕಟಿಸುವ ಬಗ್ಗೆ ಲೇಖನ ಕಳಿಸುವ ಮೊದಲು ಸಂಪಾದಕರಿಗೆ ಪತ್ರ ಬರೆದು ಕೇಳಿ.

ಬರವಣಿಗೆ, ಸಲ್ಲಿಕೆ

8,000 ಪದದ ಲೇಖನಕ್ಕೆ ಒಂದು ಹಂಚಿಕೆ: ಪೀಠಿಕೆ 900, ಹಿಂದಿನ ಅಧ್ಯಯನಗಳು 1,400, ಹಿನ್ನೆಲೆ 900, ವಿಧಾನ 1,000, ಶೋಧ 2,800, ಚರ್ಚೆ 1,000. ಹೊಸಬರ ಕರಡಿನಲ್ಲಿ ಹಿನ್ನೆಲೆ ಮತ್ತು ಹಿಂದಿನ ಅಧ್ಯಯನಗಳೇ ಅರ್ಧ ತಿಂದಿರುತ್ತವೆ. ಪದಮಿತಿಯಲ್ಲಿ ಉಲ್ಲೇಖಗಳು ಸೇರುತ್ತವೆಯೇ ನೋಡಿಕೊಳ್ಳಿ, ಇದೊಂದಕ್ಕೇ ಲೇಖನ ವಾಪಸ್ ಬರುವುದುಂಟು. ವಿಧಾನದಲ್ಲಿ ದುಭಾಷಿಗಳು ಎಷ್ಟು ಜನ, ಯಾವ ಭಾಷೆಯಿಂದ ಯಾವುದಕ್ಕೆ, ಅನುವಾದವನ್ನು ಯಾರು ಪರೀಕ್ಷಿಸಿದರು ಎಂದು ಬರೆಯಿರಿ. ಆರೋಗ್ಯ ಜರ್ನಲಾದರೆ ಲೇಖನದಲ್ಲಿ ಏನೇನು ವರದಿಯಾಗಿರಬೇಕು ಎಂದು ಹೇಳುವ ತಾಳೆಪಟ್ಟಿಗಳನ್ನು, ಅಂದರೆ ಸಂದರ್ಶನ ಅಧ್ಯಯನಕ್ಕೆ ಕೊರೆಕ್‌ನ 32 ಅಂಶಗಳ ಪಟ್ಟಿ, ಸಮೀಕ್ಷೆಗೆ ಸ್ಟ್ರೋಬ್‌ನ 22 ಅಂಶಗಳ ಪಟ್ಟಿ ತುಂಬಿ ಲಗತ್ತಿಸಿ.

ವಿಮರ್ಶಕರಿಗೆ ಹೋಗುವ ಅನಾಮಧೇಯ ಪ್ರತಿಯಲ್ಲಿ ಕಡತದ ಗುಣಲಕ್ಷಣದಲ್ಲಿರುವ ಲೇಖಕರ ಹೆಸರು, ಧನಸಹಾಯದ ಸಂಖ್ಯೆ, ನೈತಿಕ ಸಮಿತಿಯ ಹೆಸರು ತೆಗೆಯಿರಿ. ಅವು ಪ್ರತ್ಯೇಕ ಶೀರ್ಷಿಕೆ ಪುಟಕ್ಕೆ ಹೋಗಲಿ. ಕವರ್ ಲೆಟರ್‌ನಲ್ಲಿ ಯಾವ ಎರಡು ಶಿಸ್ತಿನ ವಿಮರ್ಶಕರು ಬೇಕಾದೀತು ಎಂದು ಸೂಚಿಸಿ. ಸಂಪಾದಕರಿಗೆ ಅದರಿಂದ ನಿಜಕ್ಕೂ ಸಹಾಯವಾಗುತ್ತದೆ.

ವಿಮರ್ಶೆಗಳು ಒಂದಕ್ಕೊಂದು ವಿರುದ್ಧವಾಗಿ ಬಂದಾಗ ಇಬ್ಬರನ್ನೂ ಮೆಚ್ಚಿಸಲು ಹೋದರೆ ಲೇಖನ ಮತ್ತೆ ಎರಡು ದೋಣಿಗೆ ಕಾಲಿಡುತ್ತದೆ. ಮೊದಲು ಬರೆದಿಟ್ಟ ಮೂರು ವಾಕ್ಯಗಳಿಗೆ ಹತ್ತಿರವಿರುವ ಸಲಹೆಯನ್ನು ಪೂರ್ತಿ ಪಾಲಿಸಿ, ಇನ್ನೊಂದಕ್ಕೆ ಯಾಕೆ ಪಾಲಿಸಿಲ್ಲ ಎಂದು ಕಾರಣ ಕೊಡಿ. ಗೊಂದಲವಿದ್ದರೆ ಸಂಪಾದಕರನ್ನೇ ಕೇಳಿ. ಉತ್ತರವನ್ನು ಕೋಷ್ಟಕದಲ್ಲಿ ಕೊಡಿ: ಟಿಪ್ಪಣಿ, ಉತ್ತರ, ಪುಟ ಮತ್ತು ಸಾಲು.

ಪ್ರಕಟಣೆಯ ಶುಲ್ಕ ಕೊಡಲಾಗದಿದ್ದರೆ ವಿನಾಯಿತಿಯನ್ನು ಸಲ್ಲಿಸುವ ಹೊತ್ತಿಗೇ ಕೇಳಿ, ಸ್ವೀಕೃತವಾದ ಮೇಲೆ ಕೇಳಿದರೆ ಕೆಲವು ಪ್ರಕಾಶಕರು ಒಪ್ಪುವುದಿಲ್ಲ. ಚಂದಾ ಜರ್ನಲಾದರೂ ಸ್ವೀಕೃತ ಹಸ್ತಪ್ರತಿಯನ್ನು ವಿಶ್ವವಿದ್ಯಾಲಯದ ಭಂಡಾರದಲ್ಲಿಡಲು ಅನೇಕರು ಅವಕಾಶ ಕೊಡುತ್ತಾರೆ, ಅದನ್ನು ಬಹಿರಂಗಪಡಿಸಲು ಕಾಯಬೇಕಾದ ತಡೆ ಅವಧಿ ಎಷ್ಟು ತಿಂಗಳು ಎಂಬುದನ್ನು ಕರಾರಿನಲ್ಲಿ ಓದಿ. ಪ್ರೂಫ್ ಬಂದಾಗ ಕಾಗುಣಿತ ನೋಡುವ ಮೊದಲು ಚಿತ್ರ, ನಕ್ಷೆ, ಕೋಷ್ಟಕಗಳನ್ನು ನೋಡಿ. ‘ನಿಖರ ಸ್ಥಳ ತಿಳಿಸಿ’ ಎಂದು ಹಸ್ತಪ್ರತಿ ತಿದ್ದುವ ಸಂಪಾದಕರು ಸದುದ್ದೇಶದಿಂದಲೇ ಕೇಳಿರುತ್ತಾರೆ. ಉತ್ತರದ ಅಂಕಣದಲ್ಲಿ ಬೇಕೆಂದೇ ಬಿಟ್ಟದ್ದು ಎಂದು ಬರೆಯಿರಿ.