ಸಿಪ್ಪೆ ಸುಲಿದು, ಚೂರು ಕತ್ತರಿಸಿ: ಶೇಂಗಾ ಬೀಜದ ಡಿಎನ್‌ಎ ಕೆಲಸದಲ್ಲಿ ನನ್ನ ಅನುಭವ

ಶೇಂಗಾ ಎಣ್ಣೆ ಇಟ್ಟಷ್ಟು ದಿನ ಕಮಟು ಹಿಡಿಯುತ್ತದೆ ಅನ್ನೋದು ಚಳ್ಳಕೆರೆ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚಟ್ನಿ ಪುಡಿ ಡಬ್ಬಿ ತೆರೆದರೆ ಸಾಕು, ಗೊತ್ತಾಗುತ್ತದೆ. ನಮ್ಮ ಚಿಕ್ಕಪ್ಪನದು ಅಲ್ಲೇ ಸಣ್ಣ ಎಣ್ಣೆ ಮಿಲ್ಲು. ನಾನು ದಾವಣಗೆರೆಯಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದಾಗ ಅವರು ಕೇಳಿದ್ದು ಒಂದೇ: "ಏನವ್ವಾ, ಈ ವಾಸ್ನೆ ಬರದಂಗೆ ಮಾಡೋಕೆ ಆಗಲ್ವಾ?"

ಆಗುತ್ತದೆ. ಅದಕ್ಕೆ ಬೇಕಾದ ಜೀನ್ ಗೊತ್ತಾಗಿ ವರ್ಷಗಳೇ ಆದವು. ಶೇಂಗಾ ಎಣ್ಣೆಯಲ್ಲಿ ಒಲೀಯಿಕ್ ಆಮ್ಲ, ಲಿನೋಲೀಯಿಕ್ ಆಮ್ಲ ಎರಡೂ ಇರುತ್ತವೆ. ಒಲೀಯಿಕ್‌ನಲ್ಲಿ ಜೋಡಿ ಬಂಧ ಒಂದು, ಲಿನೋಲೀಯಿಕ್‌ನಲ್ಲಿ ಎರಡು. ಎರಡು ಇರುವುದು ಗಾಳಿಯ ಆಮ್ಲಜನಕಕ್ಕೆ ಬೇಗ ಸಿಗುತ್ತದೆ, ಬೇಗ ಕೆಡುತ್ತದೆ. ಬೀಜದೊಳಗೆ ಒಲೀಯಿಕ್ ಅನ್ನು ಲಿನೋಲೀಯಿಕ್ ಮಾಡುವ ಎಂಜೈಮ್ ಒಂದಿದೆ. ಅದರ ಜೀನ್ ಹೆಸರು ಎಫ್‌ಎಡಿ2. ಆ ಎಂಜೈಮ್ ಕೆಲಸ ನಿಲ್ಲಿಸಿದರೆ ಒಲೀಯಿಕ್ ಹಾಗೇ ಉಳಿಯುತ್ತದೆ. ಮಾಮೂಲಿ ಶೇಂಗಾದಲ್ಲಿ ಎಣ್ಣೆಯ ಅರ್ಧದಷ್ಟು ಒಲೀಯಿಕ್ ಇದ್ದರೆ, ಇಂಥದ್ದರಲ್ಲಿ ಶೇ 80ರ ಹತ್ತಿರ ಇರುತ್ತದೆ. ಇಂಥ ಶೇಂಗಾ ಅಮೆರಿಕದ ಫ್ಲಾರಿಡಾದಲ್ಲಿ ಸಿಕ್ಕ ವಿಷಯ 1987ರಲ್ಲೇ ಪ್ರಕಟವಾಯಿತು. ನಮ್ಮ ದೇಶದಲ್ಲಿ ಗಿರ್ನಾರ್ 4, ಗಿರ್ನಾರ್ 5 ಅನ್ನೋ ತಳಿಗಳು ಅದೇ ಗುಣ ಹೊತ್ತು ಬಂದಿವೆ.

ಹಾಗಾದರೆ ಅದನ್ನೇ ಬಿತ್ತಿದರಾಯ್ತಲ್ಲ ಅಂತೀರಾ? ನಮ್ಮ ಕಡೆ ರೈತರು ಟಿಎಂವಿ 2 ಬಿಡುವುದಿಲ್ಲ. 1940ರ ತಳಿ, ಇನ್ನೂ ಹೊಲದಲ್ಲಿದೆ. ಮಳೆ ಕೈಕೊಟ್ಟರೂ ಒಂದಿಷ್ಟು ಕೊಡುತ್ತದೆ ಅನ್ನೋ ನಂಬಿಕೆ. ಆ ನಂಬಿಕೆ ಜೊತೆ ಜಗಳ ಆಡುವುದಕ್ಕಿಂತ ಟಿಎಂವಿ 2 ಮೇಲೇ ಆ ಗುಣ ತರುವುದು ಮೇಲು ಅಂತ ನಮ್ಮ ಗುಂಪು ತೀರ್ಮಾನಿಸಿತು. ಗಂಡು ಗಿರ್ನಾರ್ 4, ಹೆಣ್ಣು ಟಿಎಂವಿ 2.

ಶೇಂಗಾ ಹೂವು ತನ್ನಷ್ಟಕ್ಕೆ ತಾನೇ ಪರಾಗ ಹಾಕಿಕೊಂಡುಬಿಡುತ್ತದೆ. ಹಾಗಾಗಿ ಹಿಂದಿನ ದಿನ ಸಂಜೆಯೇ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು. ಬೆಳಗ್ಗೆ ಗಂಡು ಗಿಡದ ಪರಾಗ ಮುಟ್ಟಿಸಬೇಕು. ಆಮೇಲೆ ಹೂವಿನ ಬುಡದಿಂದ ಸೂಜಿಯಂಥದ್ದು ಹೊರಟು ಮಣ್ಣಿಗೆ ಇಳಿಯುತ್ತದೆ, ಅದಕ್ಕೆ ಬಣ್ಣದ ದಾರ ಕಟ್ಟಬೇಕು. ಎಷ್ಟೇ ಹುಷಾರಾಗಿದ್ದರೂ ಕಿತ್ತ ಕಾಯಿಗಳಲ್ಲಿ ಕೆಲವು ತಾಯಿಯ ಸ್ವಂತ ಪರಾಗದ್ದೇ. ಇಲ್ಲಿಂದಲೇ ಡಿಎನ್‌ಎ ಕೆಲಸ ಶುರು. ಡಿಎನ್‌ಎ ಅನ್ನುವುದು ಎ, ಟಿ, ಜಿ, ಸಿ ಅನ್ನೋ ನಾಲ್ಕು ಅಕ್ಷರಗಳ ಸರಣಿ. ತಾಯಿಯಲ್ಲಿ ಇಲ್ಲದ, ತಂದೆಯಲ್ಲಿ ಮಾತ್ರ ಇರುವ ಅಕ್ಷರ ಬೀಜದಲ್ಲಿ ಕಂಡರೆ ಅದು ನಿಜವಾದ ಮಿಶ್ರತಳಿ. ಒಂದು ಮಾತು: ತಾಯಿಯನ್ನೂ ಮೊದಲೇ ಪರೀಕ್ಷೆ ಮಾಡಿಕೊಳ್ಳಿ. ಹಬ್ಬುವ ಜಾತಿಯ ಶೇಂಗಾಗಳಲ್ಲಿ ಈ ಬದಲಾವಣೆಯ ಅರ್ಧ ಭಾಗ ಮೊದಲಿಂದಲೇ ಇರುವುದು ಅಪರೂಪವಲ್ಲ. ಗೊಂಚಲು ಜಾತಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಅರ್ಧ ಭಾಗ ಅಂದೆ. ಶೇಂಗಾದ ತಲೆನೋವೇ ಅದು. ಎರಡು ಕಾಡು ಜಾತಿಗಳು ಕೂಡಿ ಹುಟ್ಟಿದ ಗಿಡ ಇದು. ಎರಡೂ ಕಡೆಯ ಕ್ರೋಮೋಸೋಮ್ ಪೂರ್ತಿ ಉಳಿದಿವೆ, ಒಟ್ಟು 40. ಒಂದು ಕಡೆಯ ಸೆಟ್ಟಿಗೆ ಎ ಜೀನೋಮ್, ಇನ್ನೊಂದಕ್ಕೆ ಬಿ ಜೀನೋಮ್ ಅಂತ ಹೆಸರು. ಹಾಗಾಗಿ ಎಫ್‌ಎಡಿ2 ಜೀನ್ ಎ ಜೀನೋಮಿನಲ್ಲಿ ಒಂದು, ಬಿ ಜೀನೋಮಿನಲ್ಲಿ ಒಂದು. ಎ ಕಡೆಯದರಲ್ಲಿ 448ನೇ ಜಾಗದಲ್ಲಿ ಜಿ ಅಕ್ಷರ ಇರಬೇಕಾದಲ್ಲಿ ಎ ಅಕ್ಷರ ಬಂದಿದೆ. ಬಿ ಕಡೆಯದರಲ್ಲಿ 441 ಮತ್ತು 442ರ ನಡುವೆ ಒಂದು ಎ ಅಕ್ಷರ ಜಾಸ್ತಿ ನುಗ್ಗಿದೆ. ಒಂದು ಅಕ್ಷರ ಹೆಚ್ಚಾದರೆ ಮುಂದಿನ ಓದೆಲ್ಲ ಜರುಗುತ್ತದೆ, ಪ್ರೋಟೀನ್ ನಡುವೆಯೇ ಮುಗಿದುಹೋಗುತ್ತದೆ. ಎಣ್ಣೆ ಪೂರ್ತಿ ಬದಲಾಗಲು ಎರಡೂ ಜೀನ್ ಜೋಡಿಯಾಗಿ, ಅಂದರೆ ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡೂ, ಬದಲಾಗಿರಬೇಕು. ಎರಡನೇ ಪೀಳಿಗೆಯಲ್ಲಿ ಅಂಥ ಬೀಜ 16ರಲ್ಲಿ 1. ಉಳಿದ 15ಕ್ಕೂ ನೀರು, ಗೊಬ್ಬರ, ಜಾಗ ಕೊಡಬೇಕಾ? ಬೋರ್‌ವೆಲ್ ನೀರಿನ ನಾಡಿನಲ್ಲಿ ಅದು ದುಬಾರಿ. ಅದಕ್ಕೇ ಬಿತ್ತುವ ಮೊದಲೇ ಬೀಜದ ಚೂರು ಕತ್ತರಿಸಿ ನೋಡುವ ದಾರಿ ಹಿಡಿದೆವು.

ದ್ವಿದಳದ ಬೀಜದಲ್ಲಿ ಬೇಳೆ ಅನ್ನುವುದು ಮರಿ ಗಿಡದ್ದೇ ಅಂಗ. ಬೇಳೆಯ ಡಿಎನ್‌ಎ, ನಾಳೆ ಮೊಳೆಯುವ ಗಿಡದ ಡಿಎನ್‌ಎ ಒಂದೇ. ಆದರೆ ಮೇಲಿನ ಕೆಂಪು ಸಿಪ್ಪೆ ತಾಯಿ ಗಿಡದ್ದು. ಅದು ಚೂರು ಉಳಿದರೂ ತಾಯಿಯ ಡಿಎನ್‌ಎ ಟ್ಯೂಬಿಗೆ ಸೇರುತ್ತದೆ. ಎರಡನೇ ಪೀಳಿಗೆಯ ಬೀಜಕ್ಕೆ ತಾಯಿ ಅಂದರೆ ಮಿಶ್ರತಳಿ ಗಿಡ, ಅದರಲ್ಲಿ ಎರಡೂ ಅಕ್ಷರ ಇವೆ. ನಮಗೆ ಬೇಕಾದ ಬೀಜ ಕೂಡ ಮಿಶ್ರ ಅಂತ ತೋರಿಸಿ ಹೊರಬಿದ್ದು ಹೋಗುತ್ತದೆ. ಜೊತೆಗೆ ಸಿಪ್ಪೆಯ ಟ್ಯಾನಿನ್ (ಒಗರು ಕೊಡುವ ಪದಾರ್ಥ) ಪಿಸಿಆರ್ ಅನ್ನು, ಅಂದರೆ ಬೇಕಾದ ಡಿಎನ್‌ಎ ತುಂಡನ್ನು ಮಷಿನ್‌ನಲ್ಲಿ ಲಕ್ಷಗಟ್ಟಲೆ ನಕಲು ಮಾಡುವ ಕೆಲಸವನ್ನು, ಕೆಡಿಸುತ್ತದೆ. ಹಾಗಾಗಿ ಕತ್ತರಿಸುವ ಜಾಗದಲ್ಲಿ ಸಿಪ್ಪೆ ಸುಲಿಯುವುದು ನಮ್ಮಲ್ಲಿ ಅತಿ ಮುಖ್ಯ ಕೆಲಸ. ಹೊಸದಾಗಿ ಸೇರಿದವರಿಗೆ ಪಿಪೆಟ್ ಕೊಡುವ ಮೊದಲು ಇದನ್ನೇ ಕಲಿಸುತ್ತೇನೆ.

ಮೊಳಕೆಯ ಮೂತಿ ಇರುವ ತುದಿ ಬಿಟ್ಟು ಎದುರು ತುದಿಯಿಂದ ಬ್ಲೇಡಿನಲ್ಲಿ ಚೂರು ತೆಗೆಯಬೇಕು. ಪ್ರತಿ ಬೀಜಕ್ಕೂ ಬ್ಲೇಡ್ ಒರೆಸಬೇಕು. ಪಿಸಿಆರ್ ತಟ್ಟೆಯಲ್ಲಿ 96 ಗುಂಡಿ. ಬೀಜ ಇಡುವ ಟ್ರೇಯನ್ನೂ ಅದೇ ಲೆಕ್ಕದಲ್ಲಿ 8 ಸಾಲು, 12 ಕಂಬ ಮಾಡಿಕೊಂಡೆವು. ಯಾವ ಗುಂಡಿ ಯಾವ ಬೀಜ ಅಂತ ಪುಸ್ತಕ ಹುಡುಕಬೇಕಿಲ್ಲ. ಕತ್ತರಿಸಿದ ಬೀಜಕ್ಕೆ ಥೈರಾಮ್ ಅನ್ನೋ ಬೂಷ್ಟುನಾಶಕ ಪುಡಿ ಲೇಪಿಸಲೇಬೇಕು, ಇಲ್ಲವಾದರೆ ಗಾಯದಲ್ಲಿ ಕಪ್ಪು ಬೂಷ್ಟು ಕೂತು ಸಸಿ ಬುಡದಲ್ಲೇ ಕೊಳೆಯುತ್ತದೆ. ಟ್ರೇ ನೋಡಿದ ಚಿಕ್ಕಪ್ಪ, "ಬೀಜಕ್ಕೂ ಬ್ಲಡ್ ಟೆಸ್ಟಾ?" ಅಂತ ನಕ್ಕರು. ಹೆಚ್ಚುಕಮ್ಮಿ ಹಾಗೇ.

ಡಿಎನ್‌ಎ ತೆಗೆಯಲು ಹಳೆಯ ಸಿಟಿಎಬಿ (ಜೀವಕೋಶದ ಪೊರೆ ಒಡೆಯುವ ಸಾಬೂನಿನಂಥ ರಾಸಾಯನಿಕ) ವಿಧಾನವೇ ಸಾಕು. ದ್ರವ ಸಾರಜನಕ ಬೇಕೇಬೇಕು ಅಂತ ಹಲವರು ಹೇಳುತ್ತಾರೆ. ಎಲೆಗೆ ಅದು ಒಳ್ಳೆಯದು. ಬೇಳೆಯ ಚೂರಿಗೆ ಬೇಕಾಗಿಲ್ಲ, ಬಿಸಿ ಮಾಡಿದ ಬಫರ್‌ನಲ್ಲೇ (ಸಿಟಿಎಬಿ ಇರುವ ದ್ರಾವಣ) ಅರೆಯಬಹುದು. 65 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಟ್ಟು, ಕ್ಲೋರೋಫಾರ್ಮ್ ಮತ್ತು ಐಸೋಅಮೈಲ್ ಆಲ್ಕೋಹಾಲ್ 24ಕ್ಕೆ 1ರಂತೆ ಬೆರೆಸಿದ್ದನ್ನು ಹಾಕಿ ತಿರುಗಿಸಿದರೆ ಮೂರು ಪದರ ಆಗುತ್ತದೆ. ಮೇಲಿನ ನೀರಿನಲ್ಲಿ ಡಿಎನ್‌ಎ, ನಡುವೆ ಬಿಳಿ ಪ್ರೋಟೀನ್, ಕೆಳಗೆ ಕ್ಲೋರೋಫಾರ್ಮ್. ಬೀಜದ ಅರ್ಧ ತೂಕ ಎಣ್ಣೆಯೇ. ಅದು ಕ್ಲೋರೋಫಾರ್ಮ್‌ಗೆ ಇಳಿಯಬೇಕು. ನಾವು ಈ ಹಂತ ಎರಡು ಸಲ ಮಾಡುತ್ತೇವೆ. ಮೇಲಿನ ಪದರವನ್ನು ಕೊನೇ ಹನಿವರೆಗೂ ಹೀರಲು ಹೋಗಬೇಡಿ. ಸ್ವಲ್ಪ ಬಿಟ್ಟರೆ ನಷ್ಟವಿಲ್ಲ. ಆಮೇಲೆ ಐಸೋಪ್ರೊಪನಾಲ್, ಶೇ 70ರ ಎಥನಾಲ್ ತೊಳೆತ, ಒಣಗಿಸುವುದು. ಇದೆಲ್ಲ ಎಲ್ಲ ಕಡೆ ಇದ್ದದ್ದೇ.

ಇನ್ನು ಪಿಸಿಆರ್. ನಕಲು ಎಲ್ಲಿಂದ ಶುರುವಾಗಬೇಕು ಅಂತ ತೋರಿಸುವ ಡಿಎನ್‌ಎಯ ಚಿಕ್ಕ ತುಂಡಿಗೆ ಪ್ರೈಮರ್ ಅನ್ನುತ್ತಾರೆ. ಒಂದೇ ಅಕ್ಷರದ ವ್ಯತ್ಯಾಸ ಹಿಡಿಯಲು ಪ್ರೈಮರ್‌ನ ಕೊನೆಯ ಅಕ್ಷರವೇ ಆ ಜಾಗಕ್ಕೆ ಕೂರುವಂತೆ ಮಾಡಿಸಬೇಕು. ಕೊನೆ ಹೊಂದಿಕೊಂಡರೆ ನಕಲು ಮಾಡುವ ಟ್ಯಾಕ್ ಎಂಜೈಮ್ ಮುಂದೆ ಓಡುತ್ತದೆ, ಹೊಂದದಿದ್ದರೆ ಎಡವುತ್ತದೆ. ತಪ್ಪು ತಿದ್ದುವ ದುಬಾರಿ ಎಂಜೈಮ್ ಇಲ್ಲಿ ಬೇಡವೇ ಬೇಡ. ಅದು ಹೊಂದದ ಕೊನೆಯನ್ನು ಕತ್ತರಿಸಿ ಸರಿಮಾಡಿಕೊಂಡು ಮುಂದೆ ಹೋಗುತ್ತದೆ, ನಮಗೆ ಬೇಕಾದ ಸುಳಿವೇ ಅಳಿಸಿಹೋಗುತ್ತದೆ. ಇನ್ನೊಂದು ಪ್ರೈಮರ್ ಎ ಜೀನೋಮ್, ಬಿ ಜೀನೋಮ್ ಬೇರೆ ಮಾಡಬೇಕು. ಎರಡು ಜೀನ್ ಶೇ 99ರಷ್ಟು ಒಂದೇ ಥರ, ಬೇರೆ ಇರುವ ಆ ಕೆಲವೇ ಜಾಗಗಳಲ್ಲಿ ಪ್ರೈಮರ್ ಕೂರಿಸಬೇಕು.

ಉಷ್ಣತೆ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಪ್ರೈಮರ್ ಅಂಟಿಕೊಳ್ಳುವ ಹಂತದ ಉಷ್ಣತೆ ಕಮ್ಮಿಯಾದರೆ ಹೊಂದದ್ದೂ ಅಂಟುತ್ತದೆ, ಎಲ್ಲ ಬೀಜವೂ ಪಾಸ್! ಜಾಸ್ತಿಯಾದರೆ ಯಾವುದೂ ಬರುವುದಿಲ್ಲ. ಬೇರೆಯವರ ಪ್ರಬಂಧದಲ್ಲಿ ಬರೆದ ಉಷ್ಣತೆ ನಮ್ಮ ಮಷಿನ್‌ಗೆ ಹಾಗೇ ಹೊಂದುತ್ತದೆ ಅನ್ನೋ ಭರವಸೆ ಇಲ್ಲ. ಮೊದಲು ತಂದೆ, ತಾಯಿ, ಮಿಶ್ರತಳಿ, ಬರೀ ನೀರು ಈ ನಾಲ್ಕನ್ನೂ ಬೇರೆ ಬೇರೆ ಉಷ್ಣತೆಯಲ್ಲಿ ಓಡಿಸಿ. ತಾಯಿಯಲ್ಲಿ ಬದಲಾದ ಅಕ್ಷರದ ಬ್ಯಾಂಡ್ (ನಕಲಾದ ಡಿಎನ್‌ಎ ಜೆಲ್ ಮೇಲೆ ಮೂಡಿಸುವ ಗೆರೆ) ಪೂರ್ತಿ ಮಾಯವಾಗಿ, ತಂದೆಯಲ್ಲಿ ದಪ್ಪಗೆ ಉಳಿಯುವ ಜಾಗ ಹುಡುಕಿ. ಆಮೇಲೂ ಪ್ರತಿ ತಟ್ಟೆಯಲ್ಲಿ ಆ ನಾಲ್ಕು ಇರಲೇಬೇಕು. ಗುಂಡಿ ಉಳಿಸುವ ಆಸೆಗೆ ಇವನ್ನು ಬಿಡುವವರನ್ನು ನೋಡಿದ್ದೇನೆ. ಅಂಥ ಜೆಲ್ ಫೋಟೋ ನಾನು ನಂಬುವುದಿಲ್ಲ. ಒಂದೇ ಬೀಜಕ್ಕೆ ಹಳೆ ಅಕ್ಷರದ್ದು ಒಂದು, ಹೊಸ ಅಕ್ಷರದ್ದು ಒಂದು, ಹೀಗೆ ಪ್ರತಿ ಜೀನ್‌ಗೂ ಎರಡು ಟ್ಯೂಬ್. ಬ್ಯಾಂಡ್ ಬರಲಿಲ್ಲ ಅನ್ನುವುದಕ್ಕೆ ಡಿಎನ್‌ಎ ಕೆಟ್ಟಿರುವುದೂ ಕಾರಣ ಇರಬಹುದು ಅಲ್ವಾ? ಅದಕ್ಕೇ ಎರಡರಲ್ಲಿ ಒಂದಾದರೂ ಬಂದರೆ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತೇವೆ.

ಎರಡೂ ಜೀನ್ ಜೋಡಿಯಾಗಿ ಬದಲಾದ ಬೀಜಗಳನ್ನು ಮಾತ್ರ ಬಿತ್ತುತ್ತೇವೆ. ಅವುಗಳ ಮುಂದಿನ ಕಾಯಿಯ ಎಣ್ಣೆಯನ್ನು ಗ್ಯಾಸ್ ಕ್ರೊಮಟೊಗ್ರಫಿಗೆ (ಎಣ್ಣೆಯಲ್ಲಿ ಯಾವ ಆಮ್ಲ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಹೊರಗೆ ಕಳಿಸುತ್ತೇವೆ. ಜೆಲ್ ಹೇಳಿದ್ದು ಎಣ್ಣೆಯಲ್ಲೂ ಕಾಣಬೇಕು. ಈ ಗುಣಕ್ಕೂ ಬರ ತಡೆಯುವುದಕ್ಕೂ ಎಲೆಚುಕ್ಕೆಗೂ ಸಂಬಂಧ ಇಲ್ಲ, ಅದನ್ನು ರೈತರಿಗೆ ಮೊದಲೇ ಹೇಳಿಬಿಡುತ್ತೇನೆ. ಹೊಲ ನೋಡಲು ಬಂದ ಹಿರಿಯರೊಬ್ಬರು, "ಅಲ್ಲ ಮೇಡಮ್ಮ, ವಾಸ್ನೆ ಬರಲ್ಲ ಅಂತ ಮಂಡೀಲಿ ಒಂದ್ ರೂಪಾಯಿ ಜಾಸ್ತಿ ಕೊಡ್ತಾರಾ?" ಅಂದರು. ಈಗಂತೂ ಕೊಡುವುದಿಲ್ಲ. ಮಂಡಿಯಲ್ಲಿ ಎಲ್ಲ ಕಾಯಿಯೂ ಒಂದೇ ರಾಶಿ. ಬೇರೆಯಾಗಿ ಕೊಂಡು, ಬೇರೆಯಾಗಿ ಗಾಣಕ್ಕೆ ಹಾಕದೆ ಈ ಎಣ್ಣೆಯ ಲಾಭ ರೈತನಿಗೆ ಸಿಗುವುದಿಲ್ಲ. ಚಿಕ್ಕಪ್ಪನಿಗೂ ಅದೇ ಹೇಳಿದ್ದೇನೆ. ಒಂದು ಸಣ್ಣ ಗಾಣ ಬೇರೆ ಇಡುತ್ತೇನೆ ಅಂದಿದ್ದಾರೆ. ಅಲ್ಲಿಗೆ ಬರುವ ಚೀಲದಿಂದ ಬಿಡಿ ಬಿಡಿ ಬೀಜ ಆರಿಸಿ, ಇದೇ ರೀತಿ ಚೂರು ತೆಗೆದು, ಬೆರಕೆ ಎಷ್ಟಿದೆ ನೋಡುವ ಕೆಲಸ ನನ್ನದು.