ಮೂಲವ್ಯಾಧಿ: ಮುಲಾಮಿಗೆ ಮೊದಲು ಮಾಡಬೇಕಾದದ್ದು

ಗುದದ್ವಾರದ ಒಳಗೋಡೆಯಲ್ಲಿ ರಕ್ತನಾಳಗಳು ತುಂಬಿದ ಮೆತ್ತೆಗಳು ಎಲ್ಲರಲ್ಲೂ ಹುಟ್ಟಿನಿಂದಲೇ ಇರುತ್ತವೆ. ಸಾಮಾನ್ಯವಾಗಿ ಮೂರು ದೊಡ್ಡ ಮೆತ್ತೆಗಳಿದ್ದು, ನಲ್ಲಿಯೊಳಗಿನ ವಾಷರ್‌ನಂತೆ ಅವು ದ್ವಾರವನ್ನು ಬಿಗಿಯಾಗಿ ಮುಚ್ಚಿ, ವಾಯುವಾಗಲಿ ದ್ರವವಾಗಲಿ ತಾನಾಗಿ ಸೋರದಂತೆ ನೋಡಿಕೊಳ್ಳುತ್ತವೆ. ವರ್ಷಗಟ್ಟಲೆ ತಿಣುಕಿದಾಗ, ಗಟ್ಟಿ ಮಲ ಮತ್ತೆ ಮತ್ತೆ ಉಜ್ಜಿಕೊಂಡು ಹೋದಾಗ, ಬಸುರಿನ ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಒತ್ತಡ ಏರಿದಾಗ ಅಥವಾ ವಯಸ್ಸಾದಂತೆ ಅವುಗಳನ್ನು ಹಿಡಿದಿಟ್ಟ ಅಂಗಾಂಶ ಸಡಿಲಗೊಂಡಾಗ ಈ ಮೆತ್ತೆಗಳು ಊದಿಕೊಂಡು ಕೆಳಕ್ಕೆ ಜಾರುತ್ತವೆ. ನಾವು ಮೂಲವ್ಯಾಧಿ ಅಥವಾ ಪೈಲ್ಸ್ ಎನ್ನುವುದು ಇದನ್ನೇ.

ತೊಂದರೆ ಕಾಣಿಸಿಕೊಂಡ ಕೂಡಲೇ ಹೆಚ್ಚಿನವರು ಔಷಧದ ಅಂಗಡಿಗೆ ಹೋಗಿ ದನಿ ತಗ್ಗಿಸಿ ಮುಲಾಮು ಕೇಳುತ್ತಾರೆ. ಮುಲಾಮು ಉರಿಯನ್ನು ತಾತ್ಕಾಲಿಕವಾಗಿ ತಗ್ಗಿಸಬಲ್ಲದೇ ಹೊರತು ಮೆತ್ತೆಗಳನ್ನು ಕೆಳಕ್ಕೆ ತಳ್ಳುತ್ತಿರುವ ಒತ್ತಡವನ್ನು ತಗ್ಗಿಸಲಾರದು. ತಿಣುಕುವುದು ನಿಲ್ಲದೆ ಬೇರೆ ಯಾವ ಉಪಾಯವೂ ಹೆಚ್ಚು ದಿನ ಬಾಳುವುದಿಲ್ಲ. ಮುಂದಿನ ಹೆಜ್ಜೆಗಳ ಅನುಕ್ರಮ ಈ ಲೆಕ್ಕದಲ್ಲಿಯೇ ಇದೆ.

ಮೊದಲು, ಇದು ಮೂಲವ್ಯಾಧಿಯೇ ಎಂದು ನೋಡಿ

ಗುದದ್ವಾರದ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಒಳಗೆ ಒಂದು ಗಡಿರೇಖೆ ಇದೆ. ಅದರ ಮೇಲ್ಭಾಗದಲ್ಲಿ ನೋವನ್ನು ತಿಳಿಸುವ ಚರ್ಮದ ನರಗಳಿಲ್ಲ. ಹೀಗಾಗಿ ಒಳ ಮೂಲವ್ಯಾಧಿ ಸಾಮಾನ್ಯವಾಗಿ ನೋಯುವುದಿಲ್ಲ, ಆದರೆ ಮಲವಿಸರ್ಜನೆಯ ಹೊತ್ತಿಗೆ ಅಚ್ಚ ಕೆಂಪು ಬಣ್ಣದ ತಾಜಾ ರಕ್ತ ಹನಿಯುತ್ತದೆ. ಗಡಿಯ ಕೆಳಗಿರುವುದು ಹೊರ ಮೂಲವ್ಯಾಧಿ. ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ಅಂಚಿನಲ್ಲಿ ದಿಢೀರನೆ ನೀಲಿ ಛಾಯೆಯ ಗಟ್ಟಿ ಗಂಟು ಎದ್ದು, ಕೂರಲಾಗದಷ್ಟು ನೋಯುತ್ತದೆ. ಮಲ ಹೊರಬರುವಾಗ ಬ್ಲೇಡಿನಿಂದ ಕೊಯ್ದಂತಹ ನೋವಾಗಿ, ಆಮೇಲೆಯೂ ಬಹಳ ಹೊತ್ತು ಉರಿಯುತ್ತಿದ್ದರೆ ಅದು ಬಹುಮಟ್ಟಿಗೆ ಮೂಲವ್ಯಾಧಿಯಲ್ಲ, ಗುದದ ಬಿರುಕು. ಅದರ ಚಿಕಿತ್ಸೆ ಬೇರೆ. ಬಿರುಕಿಗೆ ಪೈಲ್ಸ್ ಮುಲಾಮು ಹಚ್ಚುತ್ತ ತಿಂಗಳುಗಳನ್ನು ಕಳೆಯುವವರು ಅನೇಕರಿದ್ದಾರೆ.

ರಕ್ತ ಕಂಡಾಗ ಅದಕ್ಕೆ ನಾವೇ ಹೆಸರಿಟ್ಟು ಸುಮ್ಮನಾಗಬಾರದು. ಕರುಳಿನ ಕ್ಯಾನ್ಸರ್ ಕೂಡ ನೋವಿಲ್ಲದೆ ರಕ್ತ ಸುರಿಸಬಲ್ಲದು, ಮತ್ತು ಮೂಲವ್ಯಾಧಿ ಇರುವವರಿಗೂ ಅದು ಬರಬಹುದು. ಮೊದಲ ಸಲ ರಕ್ತ ಕಂಡವರು ಒಮ್ಮೆಯಾದರೂ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ರಕ್ತ ಕಪ್ಪಾಗಿದ್ದರೆ ಅಥವಾ ಮಲದಲ್ಲಿ ಬೆರೆತು ಬಂದರೆ, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಇದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಅಥವಾ ವಯಸ್ಸು 45 ದಾಟಿದ್ದರೆ ಪರೀಕ್ಷೆಯನ್ನು ಮುಂದೂಡಲೇಬಾರದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರಿಗೆ ಮತ್ತು ಯಕೃತ್ತಿನ ಕಾಯಿಲೆ ಇರುವವರಿಗೂ ಇದೇ ಮಾತು.

ಮಲವನ್ನು ಮೃದುವಾಗಿಸಿ

ವಯಸ್ಕರಿಗೆ ದಿನಕ್ಕೆ ಸುಮಾರು 25ರಿಂದ 30 ಗ್ರಾಂ ನಾರಿನಂಶ ಬೇಕು. ಸಿಪ್ಪೆ ಸಹಿತ ಒಂದು ಸಾಧಾರಣ ಗಾತ್ರದ ಸೇಬಿನಲ್ಲಿ 4 ಗ್ರಾಂ ಇರುತ್ತದೆ ಎಂದರೆ, ಒಂದು ಹಣ್ಣು ತಿಂದು ಸಾಕೆನ್ನಲಾಗದು ಎಂಬುದು ತಿಳಿಯುತ್ತದೆ. ಕಾಳುಗಳು, ತವುಡು ತೆಗೆಯದ ಧಾನ್ಯ, ಸೊಪ್ಪು, ತರಕಾರಿ, ಹಣ್ಣು ಇವು ಪ್ರತಿ ಊಟದಲ್ಲೂ ಇರಬೇಕು. ಆದರೆ ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ, ವಾಯು ಕಾಡಿ, ಮೂರನೆಯ ದಿನಕ್ಕೇ ಬಿಟ್ಟುಬಿಡುವಂತಾಗುತ್ತದೆ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುವುದು ಒಳ್ಳೆಯದು.

ಊಟದಿಂದಲೇ ಅಷ್ಟು ನಾರು ಸಿಗದಿದ್ದರೆ ಇಸಬ್‌ಗೋಲು ಉಪಯೋಗಕ್ಕೆ ಬರುತ್ತದೆ. ಅದು ನೀರನ್ನು ಹೀರಿ ಲೋಳೆಯಾಗಿ ಉಬ್ಬುವುದರಿಂದ ಪ್ರತಿ ಸಲವೂ ತುಂಬಿದ ದೊಡ್ಡ ಲೋಟ ನೀರಿನಲ್ಲಿ, ಅಂದರೆ ಸುಮಾರು 240 ಮಿಲಿಲೀಟರ್‌ನಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿಯಬೇಕು. ನೀರು ಕಡಿಮೆಯಾದರೆ ಅದೇ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟವಿರುವವರು ಮತ್ತು ಕರುಳಿನಲ್ಲಿ ಅಡಚಣೆ ಇರುವವರು ಇದನ್ನು ತೆಗೆದುಕೊಳ್ಳಬಾರದು. ಬೇರೆ ಮಾತ್ರೆಗಳಿದ್ದರೆ ಎರಡರ ನಡುವೆ 2 ಗಂಟೆ ಅಂತರವಿರಲಿ, ಇಲ್ಲವಾದರೆ ಔಷಧ ಮೈಗೆ ಹತ್ತುವುದು ಕಡಿಮೆಯಾಗಬಹುದು.

ನಾರಿನಂಶದ ಪರಿಣಾಮವನ್ನು ಕುರಿತ ಹಲವು ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಒಟ್ಟುಗೂಡಿಸಿ ನಡೆಸಿದ ಪರಾಮರ್ಶೆಯು ಅದರಿಂದ ರಕ್ತಸ್ರಾವದ ಸಾಧ್ಯತೆ ಅರ್ಧದಷ್ಟು ಇಳಿಯುವುದನ್ನು ಕಂಡುಕೊಂಡಿದೆ. ಆದರೆ ಇದು ಎರಡು ದಿನದಲ್ಲಿ ಆಗುವ ಕೆಲಸವಲ್ಲ. ಪೂರ್ಣ ಪರಿಣಾಮ ಕಾಣಲು ಆರು ವಾರವೂ ಹಿಡಿಯಬಹುದು. ರಕ್ತ ನಿಂತ ವಾರವೇ ನಾರನ್ನೂ ನಿಲ್ಲಿಸುವುದರಿಂದ ತೊಂದರೆ ಮರುಕಳಿಸುತ್ತದೆ. ಅಷ್ಟಾದರೂ ಮಲ ಗಟ್ಟಿಯಾಗಿದ್ದರೆ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲಿನ್ ಗ್ಲೈಕಾಲ್‌ನಂತಹ, ಕರುಳಿಗೆ ನೀರನ್ನು ಸೆಳೆದು ಮಲವನ್ನು ಮೆತ್ತಗಾಗಿಸುವ ಔಷಧಗಳನ್ನು ವೈದ್ಯರು ಸೂಚಿಸುತ್ತಾರೆ. ಕಬ್ಬಿಣಾಂಶದ ಮಾತ್ರೆ, ಕೊಡೀನ್ ಇರುವ ನೋವಿನ ಮಾತ್ರೆ ಮೊದಲಾದವು ಮಲಬದ್ಧತೆ ತರುತ್ತವೆಯಾದ್ದರಿಂದ ನೀವು ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನೂ ಅವರಿಗೆ ತೋರಿಸಿ. ಪದೇ ಪದೇ ಆಗುವ ಭೇದಿಯೂ ಮೂಲವ್ಯಾಧಿಯನ್ನು ಕೆರಳಿಸುತ್ತದೆ. ಅದಕ್ಕೆ ಬೇರೆಯೇ ಕಾರಣ ಹುಡುಕಬೇಕು.

ಶೌಚಾಲಯದ ಆ ಐದು ನಿಮಿಷ

ಕಮೋಡ್‌ನ ಆಸನದ ನಡುವೆ ತೆರಪಿರುವುದರಿಂದ ಅದರ ಮೇಲೆ ಕೂತಷ್ಟು ಹೊತ್ತೂ ಗುದಭಾಗಕ್ಕೆ ಕೆಳಗಿನಿಂದ ಆಧಾರವಿರುವುದಿಲ್ಲ, ಮೆತ್ತೆಗಳಲ್ಲಿ ರಕ್ತ ತುಂಬಿಕೊಳ್ಳುತ್ತಲೇ ಇರುತ್ತದೆ. ಬಾಸ್ಟನ್‌ನ ವೈದ್ಯರು 125 ಮಂದಿಯನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೌಚಾಲಯಕ್ಕೆ ಮೊಬೈಲ್ ಒಯ್ಯುವವರಲ್ಲಿ ಮೂಲವ್ಯಾಧಿಯ ಸಾಧ್ಯತೆ ಶೇ 46ರಷ್ಟು ಹೆಚ್ಚಿತ್ತು. ಮೊಬೈಲೇ ಕಾರಣವೆಂದು ಇಂತಹ ಅಧ್ಯಯನ ಸಾಬೀತುಪಡಿಸುವುದಿಲ್ಲವಾದರೂ, ಮೊಬೈಲ್ ಹಿಡಿದವರಲ್ಲಿ ಐದು ನಿಮಿಷಕ್ಕೂ ಮೀರಿ ಕೂರುವವರು ಉಳಿದವರಿಗಿಂತ ಹೆಚ್ಚಾಗಿದ್ದುದು ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಮೊಬೈಲನ್ನು ಹೊರಗೇ ಬಿಟ್ಟು ಹೋಗುವುದು ಒಂದು ಪೈಸೆಯೂ ಖರ್ಚಿಲ್ಲದ ಚಿಕಿತ್ಸೆ.

ಊಟ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ. ಬೆಳಗಿನ ಉಪಾಹಾರದ ನಂತರ ಇದು ಹೆಚ್ಚು. ಆ ಹೊತ್ತನ್ನು ಬಿಡುವಾಗಿಟ್ಟುಕೊಳ್ಳಿ. ಒತ್ತರ ಬಂದಾಗ ಕೆಲಸದ ನೆಪದಲ್ಲಿ ತಡೆಹಿಡಿದರೆ ಕರುಳು ಮಲದಿಂದ ಇನ್ನಷ್ಟು ನೀರು ಹೀರಿಕೊಂಡು ಅದು ಮತ್ತೂ ಗಟ್ಟಿಯಾಗುತ್ತದೆ.

ಕೂರುವ ಭಂಗಿಯೂ ಮುಖ್ಯ. ಕಮೋಡ್ ಬಳಸುವವರು ಪಾದಗಳ ಕೆಳಗೆ ಒಂದು ಗಿಡ್ಡ ಮಣೆ ಅಥವಾ ಸ್ಟೂಲ್ ಇಟ್ಟುಕೊಂಡು, ಮಂಡಿಗಳು ಸೊಂಟಕ್ಕಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ಬೆನ್ನು ನೇರವಾಗಿಟ್ಟು ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿದಾಗ, ಗುದನಾಳವನ್ನು ಕೊಂಡಿಯಂತೆ ಹಿಂದಿನಿಂದ ಎಳೆದು ಬಾಗಿಸಿಟ್ಟಿರುವ ಸ್ನಾಯು ಸಡಿಲಗೊಂಡು ದಾರಿ ನೇರವಾಗುತ್ತದೆ. ಉಸಿರು ಕಟ್ಟಿ ಮುಖ ಕೆಂಪಾಗುವಂತೆ ಒತ್ತಬೇಡಿ; ಬಾಯಿ ತುಸು ತೆರೆದು ಉಸಿರು ಬಿಡುತ್ತ, ಹೊಟ್ಟೆಯನ್ನು ಮುಂದಕ್ಕೆ ಉಬ್ಬಿಸಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ, ಒತ್ತರ ಮತ್ತೆ ಬಂದಾಗ ಹೋದರಾಯಿತು. ಭಾರ ಎತ್ತುವಾಗಲೂ ಉಸಿರು ಕಟ್ಟದಿರುವ ಇದೇ ಎಚ್ಚರ ಬೇಕು.

ಉರಿ, ನೋವು ಇರುವ ದಿನಗಳಲ್ಲಿ

ಅಗಲವಾದ ಟಬ್ಬಿನಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನ, ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿ ನೀರನ್ನು ಸೊಂಟದ ಕೆಳಭಾಗ ಮುಳುಗುವಷ್ಟು ತುಂಬಿ, 10ರಿಂದ 15 ನಿಮಿಷ ಕೂರಿ. ದಿನಕ್ಕೆ ಎರಡು ಮೂರು ಸಲ, ಅದರಲ್ಲೂ ಮಲವಿಸರ್ಜನೆಯ ನಂತರ ಹೀಗೆ ಮಾಡಿದರೆ ಬಿಗಿದ ಸ್ನಾಯು ಸಡಿಲಗೊಂಡು ನೋವು ಇಳಿಯುತ್ತದೆ. ಉಪ್ಪಾಗಲಿ ಕ್ರಿಮಿನಾಶಕವಾಗಲಿ ಬೇಕಿಲ್ಲ. ಕ್ರಿಮಿನಾಶಕದಿಂದ ಉರಿ ಹೆಚ್ಚಾಗುವುದೇ ಉಂಟು. ಆಮೇಲೆ ಮೆತ್ತನೆಯ ಬಟ್ಟೆಯನ್ನು ಒತ್ತಿ ನೀರನ್ನು ಹೀರಿಸಿ, ಉಜ್ಜಬೇಡಿ. ಸುವಾಸನೆಯ ಸೋಪು ಮತ್ತು ಒದ್ದೆ ಟಿಶ್ಯೂಗಳಲ್ಲಿರುವ ರಾಸಾಯನಿಕಗಳು ಆ ಭಾಗದ ಚರ್ಮಕ್ಕೆ ಅಲರ್ಜಿ ತರುತ್ತವೆ. ತುರಿಕೆಗೆ ಮೂಲವ್ಯಾಧಿಯೇ ಕಾರಣವೆಂದುಕೊಂಡು ಇನ್ನಷ್ಟು ತೊಳೆಯುವವರು ಇದನ್ನು ಗಮನಿಸಬೇಕು.

ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ರಕ್ತ ಹೋಗುತ್ತಿರುವಾಗ ಐಬುಪ್ರೊಫೆನ್ ಬೇಡ. ಮರಗಟ್ಟಿಸುವ ಲಿಡೊಕೇನ್ ಮುಲಾಮು, ತುರಿಕೆಗೆ ಹೈಡ್ರೊಕಾರ್ಟಿಸೋನ್ ಮುಲಾಮು ಕೆಲದಿನದ ಮಟ್ಟಿಗೆ ಸರಿ. ಹೈಡ್ರೊಕಾರ್ಟಿಸೋನ್ ಸ್ಟಿರಾಯ್ಡ್ ಆದ್ದರಿಂದ ಒಂದು ವಾರ ಮೀರಿ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಗರ್ಭಿಣಿಯರು ಯಾವ ಮುಲಾಮನ್ನೂ ಕೇಳದೆ ಬಳಸಬಾರದು.

ಒಳಗಿನ ಮೊಳಕೆ, ಅಂದರೆ ಊದಿಕೊಂಡ ಮೆತ್ತೆ, ಹೊರಗೆ ಜಾರಿ ತಾನಾಗಿ ಮರಳದಿದ್ದರೆ, ಕೈ ತೊಳೆದು, ಎಡಮಗ್ಗುಲಿಗೆ ಮಲಗಿ ಮಂಡಿಗಳನ್ನು ಎದೆಯತ್ತ ಮಡಚಿ, ಬೆರಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿಕೊಂಡು ನಿಧಾನವಾಗಿ ಒಳಕ್ಕೆ ಒತ್ತಬಹುದು. ಒಳಹೋಗದೆ, ಕಪ್ಪಾಗುತ್ತ ನೋವು ಏರುತ್ತಿದ್ದರೆ ಅದರ ರಕ್ತಸಂಚಾರ ನಿಂತಿರುವ ಸಂಭವವಿದೆ. ಆಗ ಬಲ ಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹೆಪ್ಪುಗಟ್ಟಿದ ಹೊರ ಗಂಟಿಗೆ ಮೊದಲ 72 ಗಂಟೆಗಳಲ್ಲಿ ಸಣ್ಣ ಶಸ್ತ್ರಕ್ರಿಯೆಯಿಂದ ಬೇಗ ಆರಾಮ ಸಿಗುತ್ತದೆ, ಆಮೇಲಾದರೆ ನೋವು ತಾನಾಗಿಯೇ ಇಳಿಯತೊಡಗುತ್ತದೆ.

ಇಷ್ಟಾದರೂ ತಗ್ಗದಿದ್ದರೆ

ವೈದ್ಯರು ಒಳ ಮೂಲವ್ಯಾಧಿಯನ್ನು ನಾಲ್ಕು ಹಂತಗಳಾಗಿ ನೋಡುತ್ತಾರೆ: ಜಾರದೆ ಬರೀ ರಕ್ತ ಸುರಿಸುವುದು, ಜಾರಿದರೂ ತಾನಾಗಿ ಒಳಹೋಗುವುದು, ಕೈಯಿಂದ ಒತ್ತಿದರೆ ಹೋಗುವುದು, ಒತ್ತಿದರೂ ಹೋಗದಿರುವುದು. ಪರೀಕ್ಷೆ ಕೆಲವೇ ನಿಮಿಷಗಳದ್ದು. ಮಗ್ಗುಲಾಗಿ ಮಲಗಿಸಿ, ಕೈಗವಸು ತೊಟ್ಟ ಬೆರಳಿನಿಂದಲೂ ಸಣ್ಣ ನಳಿಕೆಯಿಂದಲೂ ನೋಡುತ್ತಾರೆ. ಇದರಲ್ಲಿ ನಾಚಿಕೊಳ್ಳಬೇಕಾದದ್ದೇನೂ ಇಲ್ಲ. ಅವರಿಗೆ ಇದು ದಿನನಿತ್ಯದ ಕೆಲಸ.

ಮನೆಯ ಉಪಚಾರಕ್ಕೆ ಬಗ್ಗದ ಮೊದಲ ಮೂರು ಹಂತಗಳಿಗೆ ಸಾಮಾನ್ಯವಾಗಿ ಮೊಳಕೆಯ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ತೊಡಿಸುತ್ತಾರೆ. ನೋವಿನ ನರಗಳಿಲ್ಲದ ಮೇಲ್ಭಾಗದಲ್ಲಿ ಅದನ್ನು ಹಾಕುವುದರಿಂದ ಅರಿವಳಿಕೆ ಬೇಕಾಗುವುದಿಲ್ಲ, ಒಂದೆರಡು ದಿನ ಒಳಗೆ ಭಾರವೆನಿಸುತ್ತದೆ ಅಷ್ಟೆ. ರಕ್ತ ಸಿಗದೆ ಒಣಗಿದ ಮೊಳಕೆ ಸುಮಾರು 5ರಿಂದ 10 ದಿನಗಳಲ್ಲಿ ಉದುರುತ್ತದೆ, ಆಗ ಸ್ವಲ್ಪ ರಕ್ತ ಕಾಣಬಹುದು. ನಾಲ್ಕನೆಯ ಹಂತಕ್ಕೆ ಬಹುತೇಕ ಶಸ್ತ್ರಚಿಕಿತ್ಸೆಯೇ ದಾರಿ. ಅದರಿಂದ ಚೇತರಿಸಿಕೊಳ್ಳಲು ಕೆಲವು ವಾರ ಬೇಕು. ಉಂಗುರ ಹಾಕಿಸಿಕೊಂಡ ಮೇಲೆ ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ, ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ ಅಥವಾ ರಕ್ತ ನಿಲ್ಲದೆ ಹೋಗುತ್ತಿದ್ದರೆ, ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಮರಳಿ.